ಕೈಯಲ್ಲಿ ಟಚ್ ಸ್ಪೆಲ್ ಇಟ್ಟುಕೊಂಡು ಗುದ್ದಬಹುದಾ? (3.5, ಡಿಎಂ ಜೊತೆ ಜಗಳ ಆಗಿದೆ)

ಒಂಟಿಮುಷ್ಟಿ:
ಎಲ್ಲರಿಗೂ ನಮಸ್ಕಾರ. ಒಂದು ನಿಯಮದ ವಿಷಯಕ್ಕೆ ನಮ್ಮ ಟೇಬಲ್‌ನಲ್ಲಿ ಅರ್ಧ ಗಂಟೆ ಆಟವೇ ನಿಂತುಹೋಯಿತು, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ನಾವು ಆಡುವುದು ಡಿ ಅಂಡ್ ಡಿ 3.5 (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕಿ ಪಾತ್ರವಾಗಿ ಆಡುವ ಟೇಬಲ್ ಆಟ; 3.5 ಅದರ ಒಂದು ಆವೃತ್ತಿ). ನನ್ನ ಪಾತ್ರ ಮಾಂಕ್ (ಬರಿಗೈ ಕಾದಾಟದ ಸನ್ಯಾಸಿ) ಲೆವೆಲ್ 1, ಸಾರ್ಸರರ್ (ಮಾಂತ್ರಿಕ) ಲೆವೆಲ್ 5. ಹೌದು, ಕೆಟ್ಟ ಜೋಡಿ ಅಂತ ಗೊತ್ತು, ಆ ಉಪದೇಶ ಬೇಡ. ಗುದ್ದುವ ಮಾಂತ್ರಿಕ ಬೇಕಿತ್ತು, ಮಾಡಿಕೊಂಡೆ.

ಆಗಿದ್ದು ಇಷ್ಟು. ಎದುರಿಗೆ ಮೈತುಂಬ ಕಬ್ಬಿಣ ಹೊದ್ದ ಒಬ್ಬ ಸೇನಾಪತಿ. ನಾನು ಶಾಕಿಂಗ್ ಗ್ರಾಸ್ಪ್ ಹಾಕಿದೆ, ಮುಟ್ಟಿದರೆ ಕರೆಂಟು ಹೊಡೆಯುವ ಟಚ್ ಸ್ಪೆಲ್ ಅದು. 5ಡಿ6 (ಆರು ಮುಖದ ಐದು ದಾಳದಷ್ಟು) ಕರೆಂಟು ಕೈಯಲ್ಲಿ ಚಟಪಟ ಅನ್ನುತ್ತಿದೆ. "ಸರಿ, ಈಗ ಮುಖಕ್ಕೆ ಗುದ್ದುತ್ತೇನೆ. ಗುದ್ದಿನ ಡ್ಯಾಮೇಜ್ ಬೇರೆ, ಕರೆಂಟಿನದ್ದು ಬೇರೆ" ಅಂದೆ. ಡಿಎಂ (ಆಟ ನಡೆಸಿ ತೀರ್ಪು ಕೊಡುವವರು) ಒಪ್ಪಲಿಲ್ಲ. ಈ ರೌಂಡ್‌ನಲ್ಲಿ ಮುಟ್ಟಬಹುದು ಅಷ್ಟೇ, ಗುದ್ದುವಂತಿಲ್ಲ ಅಂದರು. ಮುಟ್ಟದೆ ಗುದ್ದುವುದು ಹೇಗೆ ಸ್ವಾಮಿ? ಗುದ್ದು ಅಂದರೆ ಜೋರಾಗಿ ಮುಟ್ಟುವುದು ತಾನೇ? ಕೊನೆಗೆ ಬೇಜಾರಾಗಿ ಮುಟ್ಟಿದೆ, ದಾಳದಲ್ಲಿ 2 ಬಿತ್ತು, ಅದೂ ತಾಗಲಿಲ್ಲ. ಮುಂದಿನ ರೌಂಡ್‌ಗೆ ನಮ್ಮ ಕ್ಲೆರಿಕ್ (ಪೂಜಾರಿ ಪಾತ್ರ) ಅವನನ್ನು ಮುಗಿಸಿಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಯಾರು ಸರಿ, ನಾನಾ, ಡಿಎಂ ಆ?

ಹಳೇಡಿಎಂ:
ನಿಮ್ಮ ಡಿಎಂ ಸರಿ. ಆದರೆ ಅರ್ಧ ಮಾತ್ರ ಹೇಳಿದ್ದಾರೆ, ಉಳಿದರ್ಧ ನಿಮಗೆ ಇಷ್ಟವಾಗುತ್ತದೆ.

3.5ರಲ್ಲಿ ಟಚ್ ಸ್ಪೆಲ್‌ಗೆ ಎರಡು ಘಟ್ಟ ಇವೆ. ಸ್ಪೆಲ್ ಹಾಕಿದ ರೌಂಡ್ ಮೊದಲನೆಯದು. ಆಗ ಸ್ಪೆಲ್ ಜೊತೆಗೇ ಒಂದು ಮುಟ್ಟುವ ಪ್ರಯತ್ನ ಪುಕ್ಕಟೆಯಾಗಿ ಸಿಗುತ್ತದೆ, ಅದಕ್ಕೆ ಬೇರೆ ಆಕ್ಷನ್ ಬೇಡ. ಸ್ಪೆಲ್ ಹಾಕಿ, ನಡೆದು ಹೋಗಿ, ಆಮೇಲೆ ಮುಟ್ಟಿದರೂ ಸರಿ. ಈ ಪುಕ್ಕಟೆ ಪ್ರಯತ್ನ ಟಚ್ ಅಟ್ಯಾಕ್ ಮಾತ್ರ. ತಪ್ಪಿದರೆ ಸ್ಪೆಲ್ ಹಾಳಾಗುವುದಿಲ್ಲ, ಕೈಯಲ್ಲೇ ಉಳಿಯುತ್ತದೆ. ಚಾರ್ಜ್ ಹಿಡಿದಿಟ್ಟುಕೊಳ್ಳುವುದು ಅಂತಾರಲ್ಲ, ಅದು ಇದೇ. ಅದಕ್ಕೆ ಸಮಯದ ಮಿತಿಯೂ ಇಲ್ಲ.

ಎರಡನೇ ಘಟ್ಟ ಅಲ್ಲಿಂದ ಶುರು. ಚಾರ್ಜ್ ಕೈಯಲ್ಲಿರುವಾಗ ಮುಂದಿನ ರೌಂಡ್‌ಗಳಲ್ಲಿ ಮತ್ತೆ ಮತ್ತೆ ಮುಟ್ಟಲು ನೋಡಬಹುದು, ಇಲ್ಲವೇ ಮಾಮೂಲಿ ಬರಿಗೈ ಹೊಡೆತ ಹೊಡೆಯಬಹುದು. ಹೊಡೆತ ತಾಗಿದರೆ ಗುದ್ದಿನ ಡ್ಯಾಮೇಜೂ ಬರುತ್ತದೆ, ಸ್ಪೆಲ್ಲೂ ಇಳಿಯುತ್ತದೆ. ತಪ್ಪಿದರೆ ಚಾರ್ಜ್ ಹಾಗೇ ಇರುತ್ತದೆ. ಒಂದೇ ತೊಂದರೆ, ಗುದ್ದುವಾಗ ಎದುರಾಳಿಯ ಪೂರ್ತಿ ಎಸಿಗೆ (ಆರ್ಮರ್ ಕ್ಲಾಸ್, ಹೊಡೆತ ತಾಗಲು ದಾಳ ಮತ್ತು ಬೋನಸ್ ಸೇರಿ ಬರಬೇಕಾದ ಅಂಕೆ) ಸರಿಗಟ್ಟಬೇಕು. ಮುಟ್ಟುವಾಗ ಟಚ್ ಎಸಿ ಸಾಕು.

ಅಂದರೆ ನಿಮ್ಮ ಗುದ್ದು ಒಂದು ರೌಂಡ್ ತಡವಾಗಿ ಬರಬೇಕಿತ್ತು, ಅಷ್ಟೇ.

ಚಿಕ್ಕದಾಳ:
ನಾನು ಹೊಸಬಳು, ಬೈಯಬೇಡಿ. ಟಚ್ ಎಸಿ ಅಂದರೆ ಏನು?

ಹಳೇಡಿಎಂ:
ಬೈಯುವುದು ಯಾಕೆ, ಒಳ್ಳೇ ಪ್ರಶ್ನೆ. ಎಸಿಯಿಂದ ಕವಚ, ಗುರಾಣಿ, ದಪ್ಪ ಚರ್ಮ ಮೂರನ್ನೂ ಕಳೆಯಿರಿ. ಉಳಿದದ್ದು ಟಚ್ ಎಸಿ. ಡೆಕ್ಸ್‌ಟೆರಿಟಿ (ಚುರುಕುತನ), ಮೈಗಾತ್ರ, ಡಿಫ್ಲೆಕ್ಷನ್ ಬೋನಸ್ (ಮಂತ್ರದ ತಡೆ) ಇವೆಲ್ಲ ಉಳಿಯುತ್ತವೆ. ಕವಚದ ಮೇಲೆ ಬೆರಳಿಟ್ಟರೂ ಕರೆಂಟು ಒಳಗೆ ಹೋಗುತ್ತದೆ ಅನ್ನುವ ಕಲ್ಪನೆ. ಅದಕ್ಕೇ ದೊಡ್ಡ ಡ್ರ್ಯಾಗನ್ ಕತ್ತಿಯವನಿಗೆ ಬೆಟ್ಟದ ಹಾಗೆ ಕಂಡರೆ, ಮುಟ್ಟುವವನಿಗೆ ಬಾಗಿಲಿನ ಹಾಗೆ ಕಾಣುತ್ತದೆ. ಅದರ ಎಸಿಯಲ್ಲಿ ಮುಕ್ಕಾಲು ಪಾಲು ಚರ್ಮವೇ. ಟಚ್ ಎಸಿ ಹತ್ತಕ್ಕಿಂತ ಕಡಿಮೆ ಇರುವ ಡ್ರ್ಯಾಗನ್‌ಗಳು ಬೇಕಾದಷ್ಟಿವೆ. ಹತ್ತಿರ ಹೋಗಿ ಬದುಕಿ ಬರುವುದು ಬೇರೆ ಮಾತು.

ಒಂಟಿಮುಷ್ಟಿ:
ಸರಿ, ಪುಸ್ತಕ ತೆಗೆದು ನೋಡಿದೆ, ಹಾಗೇ ಬರೆದಿದೆ. ಆದರೂ ಹೊಟ್ಟೆ ಉರಿ ಆರಿಲ್ಲ. ಪುಕ್ಕಟೆ ಟಚ್ ಬದಲು ಪುಕ್ಕಟೆ ಗುದ್ದು ಕೊಟ್ಟರೆ ಏನು ನಷ್ಟ? ನಾನೇ ಕಷ್ಟದ ಎಸಿ ಆರಿಸಿಕೊಳ್ಳುತ್ತಿದ್ದೇನೆ. ಇದರಲ್ಲಿ ಮೋಸ ಎಲ್ಲಿದೆ?

ಲೆಕ್ಕದಮೇಷ್ಟ್ರು:
ಜಗಳಕ್ಕೆ ಮುಂಚೆ ಲೆಕ್ಕ ಮಾಡೋಣ. ನಿಮ್ಮ ಸ್ಟ್ರೆಂಗ್ತ್ 14 ಅಂತ ಇಟ್ಟುಕೊಂಡಿದ್ದೇನೆ. ಸಾರ್ಸರರ್ 5ರಿಂದ ಬೇಸ್ ಅಟ್ಯಾಕ್ (ಹೊಡೆಯುವ ರೋಲ್‌ಗೆ ಸೇರುವ ಅಂಕೆ) +2, ಮಾಂಕ್ 1ರಿಂದ ಸೊನ್ನೆ. ಸ್ಟ್ರೆಂಗ್ತ್‌ನ +2 ಸೇರಿ ಒಟ್ಟು +4. ಗುದ್ದು 1ಡಿ6+2, ಸರಾಸರಿ 5.5. ಶಾಕಿಂಗ್ ಗ್ರಾಸ್ಪ್ 5ಡಿ6, ಸರಾಸರಿ 17.5. ಎರಡೂ ಸೇರಿದರೆ 23. ಕ್ರಿಟಿಕಲ್ (ಅಪರೂಪಕ್ಕೆ ಬರುವ ಹೆಚ್ಚುವರಿ ಡ್ಯಾಮೇಜ್) ಬಿಟ್ಟಿದ್ದೇನೆ.

ನಿಮ್ಮ ಸೇನಾಪತಿ ಫುಲ್ ಪ್ಲೇಟ್, ದೊಡ್ಡ ಗುರಾಣಿ, ಡೆಕ್ಸ್ +1 ಅಂದುಕೊಂಡರೆ ಎಸಿ 21, ಟಚ್ ಎಸಿ 11. ಲೋಹದ ಕವಚ ಹಾಕಿದವನ ಮೇಲೆ ಶಾಕಿಂಗ್ ಗ್ರಾಸ್ಪ್‌ಗೆ +3 ಸಿಗುತ್ತದೆ. ಮುಟ್ಟಲು 20 ಮುಖದ ದಾಳದಲ್ಲಿ 4 ಅಥವಾ ಮೇಲೆ ಬಿದ್ದರೆ ಸಾಕು, 85%. ಸರಾಸರಿ ಸುಮಾರು 14.9. ಗುದ್ದಿದರೆ? ಆ +3 ಗುದ್ದಿಗೂ ಕೊಟ್ಟರೆ 14 ಬೀಳಬೇಕು, 35%, ಸರಾಸರಿ 8. ಕೊಡದಿದ್ದರೆ 17 ಬೇಕು, 20%, ಸರಾಸರಿ 4.6. ಅಂದರೆ ಡಿಎಂ ನಿಮ್ಮನ್ನು ಬಚಾವ್ ಮಾಡಿದರು, ನೀವು ಅವರ ಮೇಲೇ ರೇಗಿದಿರಿ. ಆಮೇಲೆ 2 ಬಿದ್ದಿದ್ದು ನಿಮ್ಮ ಹಣೆಬರಹ.

ಈಗ ಕವಚ ಇಲ್ಲದ ಮಾಂತ್ರಿಕನನ್ನು ತೆಗೆದುಕೊಳ್ಳಿ. ಡೆಕ್ಸ್ +2, ಎಸಿ 12, ಟಚ್ ಎಸಿಯೂ 12. ಎರಡಕ್ಕೂ 8 ಬೇಕು, 65%. ಮುಟ್ಟಿದರೆ 11.4, ಗುದ್ದಿದರೆ ಸುಮಾರು 15. ಇಲ್ಲಿ ಗುದ್ದದೆ ಬಿಟ್ಟರೆ ನಷ್ಟ. ಅವನು ಲೆದರ್ ಹಾಕಿದ್ದರೂ ಗುದ್ದೇ ಮೇಲು, 12.7 ಬರುತ್ತದೆ. ಮೇಜ್ ಆರ್ಮರ್ (ಮಂತ್ರದ ಕವಚ) ಹಾಕಿಕೊಂಡು ಎಸಿ 16 ಮಾಡಿಕೊಂಡರೆ ಗುದ್ದು 10.4ಕ್ಕೆ ಇಳಿಯುತ್ತದೆ, ಆಗ ಮುಟ್ಟುವುದೇ ವಾಸಿ. ಒಟ್ಟಿನಲ್ಲಿ ಟಚ್ ಎಸಿ 12 ಇರುವವರ ಮೇಲೆ ನಿಮ್ಮ ಪಾತ್ರಕ್ಕೆ ಗೆರೆ ಇರುವುದು ಮೂರರಲ್ಲಿ. ಎಸಿಗೂ ಟಚ್ ಎಸಿಗೂ ಮೂರರವರೆಗೆ ವ್ಯತ್ಯಾಸ ಇದ್ದರೆ ಗುದ್ದಿ, ನಾಲ್ಕಾದರೆ ಮುಟ್ಟಿ. ಬೇರೆಯವರ ಪಾತ್ರಕ್ಕೆ ಈ ಗೆರೆ ಬೇರೆ ಕಡೆ ಬೀಳುತ್ತದೆ, ಕಣ್ಣುಮುಚ್ಚಿ ನಕಲು ಮಾಡಬೇಡಿ.

ಇನ್ನೊಂದು. ಎದುರಾಳಿ ಮಾಂಕ್ ಆಗಿದ್ದರೆ ಅವನ ವಿಸ್ಡಮ್ ಬೋನಸ್ ಟಚ್ ಎಸಿಯಲ್ಲೂ ಲೆಕ್ಕಕ್ಕೆ ಬರುತ್ತದೆ. ಎರಡೂ ಎಸಿ ಹತ್ತಿರ ಹತ್ತಿರ ಇರುತ್ತವೆ. ಅಂಥವನ ಮೇಲೆ ಮುಟ್ಟುವುದರಿಂದ ದೊಡ್ಡ ಲಾಭ ಇಲ್ಲ, ಗುದ್ದಿ.

ಕತ್ತಿಮಂತ್ರ:
"ಪುಕ್ಕಟೆ ಗುದ್ದು ಕೊಟ್ಟರೆ ಏನು ನಷ್ಟ" ಅನ್ನುವುದಕ್ಕೆ ಬೇರೆ ದಿಕ್ಕಿನಿಂದ ಉತ್ತರ ಕೊಡುತ್ತೇನೆ. ಆ ಸೌಲಭ್ಯವನ್ನು ಆಟ ತಯಾರಿಸಿದವರು ಬೇರೆ ಕ್ಲಾಸ್‌ಗಳಿಗೆ (ಮಾಂಕ್, ಸಾರ್ಸರರ್ ಥರದ ಪಾತ್ರದ ಬಗೆಗಳಿಗೆ) ದುಡ್ಡಿನ ಸಾಮಾನಿನ ಹಾಗೆ ಮಾರಿದ್ದಾರೆ. 2006ರಲ್ಲಿ ಬಂದ ಎರಡನೇ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಡಸ್ಕ್‌ಬ್ಲೇಡ್ ಇದೆ ನೋಡಿ. ಅವನಿಗೆ ಮೂರನೇ ಲೆವೆಲ್‌ನಲ್ಲಿ ಒಂದೇ ಆಕ್ಷನ್‌ನಲ್ಲಿ ಟಚ್ ಸ್ಪೆಲ್ ಹಾಕಿ ಅದನ್ನು ಆಯುಧದ ಹೊಡೆತದ ಮೂಲಕ ಇಳಿಸುವ ಶಕ್ತಿ ಬರುತ್ತದೆ. 13ನೇ ಲೆವೆಲ್‌ಗೆ ಅದೇ ಕೆಲಸ ಪೂರ್ತಿ ಅಟ್ಯಾಕ್‌ನಲ್ಲಿ. 3.5ರಿಂದಲೇ ಬೆಳೆದ ಪಾತ್‌ಫೈಂಡರ್ ಆಟದ ಮೊದಲ ಆವೃತ್ತಿಯ ಮೇಗಸ್ (ಕತ್ತಿ ಹಿಡಿದ ಮಾಂತ್ರಿಕ) 2011ರಲ್ಲಿ ಬಂದ. ಅವನ ಸ್ಪೆಲ್‌ಸ್ಟ್ರೈಕ್ ವಿವರಣೆಯಲ್ಲಿ ಮಾಮೂಲಿ ಪುಕ್ಕಟೆ ಟಚ್ ಬದಲಿಗೆ ಆಯುಧದಿಂದ ಒಂದು ಪುಕ್ಕಟೆ ಹೊಡೆತ ಅಂತ ಬಿಡಿಸಿಯೇ ಹೇಳಿದ್ದಾರೆ.

"ಬದಲಿಗೆ" ಅನ್ನುವ ಮಾತು ಬೇಕಾಯಿತು ಅಂದರೇನು? ಅದಿಲ್ಲದವರಿಗೆ ಆ ಬದಲಾವಣೆ ಇಲ್ಲ ಅಂತಲೇ ಅಲ್ವಾ? ಎಲ್ಲರೂ ಸ್ಪೆಲ್ ಹಾಕಿದ ರೌಂಡ್‌ನಲ್ಲೇ ಗುದ್ದಬಹುದು ಅಂತಾದರೆ ಮೇಗಸ್ ಪಾಪ ಏನು ಮಾಡಬೇಕು?

ಬೆಂಕಿಪೊಟ್ಟಣ:
ನನಗೆ ಈ ವಾದ ಹಿಡಿಸುವುದಿಲ್ಲ. ಎಷ್ಟೋ ವರ್ಷ ಬಿಟ್ಟು ಬಂದ ಕ್ಲಾಸ್‌ಗೆ ಮರ್ಯಾದೆ ಉಳಿಸಲು ಮೊದಲಿನ ಪುಸ್ತಕದ ಮಾಂಕ್ ಯಾಕೆ ಕೈ ಕಟ್ಟಿ ಕೂರಬೇಕು? ಅದೂ ಅಲ್ಲದೆ ಮೇಗಸ್ ಹೊಡೆಯುವುದು ಕತ್ತಿಯಿಂದ. ನಮ್ಮವನು ಬರಿಗೈಯಲ್ಲಿ ಹೊಡೆಯುತ್ತಾನೆ. ಕೈಯಲ್ಲಿ ಚಾರ್ಜ್ ಇದೆ, ಕೈಯಿಂದಲೇ ಹೊಡೆಯುತ್ತಾನೆ. ಕತ್ತಿಗೆ ಚಾರ್ಜ್ ಇಳಿಸುವುದು ವಿಶೇಷ ವಿದ್ಯೆ ಅನ್ನುವುದು ಒಪ್ಪುತ್ತೇನೆ, ಕೈಗೆ ಯಾವ ವಿದ್ಯೆ ಬೇಕು?

ನನ್ನ ಟೇಬಲ್‌ನಲ್ಲಿ ಮೊದಲ ರೌಂಡ್‌ಗೇ ಗುದ್ದಲು ಬಿಡುತ್ತೇನೆ. ಎರಡು ವರ್ಷ ಆಯಿತು, ಆಟ ಕೆಟ್ಟಿಲ್ಲ. ಮೇಷ್ಟ್ರ ಲೆಕ್ಕವೇ ಹೇಳುತ್ತಿದೆ, ಕವಚ ಹಾಕಿದವರ ಮೇಲೆ ಗುದ್ದು ಹೇಗಿದ್ದರೂ ಲಾಭದ್ದಲ್ಲ ಅಂತ. ಮತ್ತೆ ಭಯ ಯಾರಿಗೆ?

ಹಳೇಡಿಎಂ:
ಬೆಂಕಿಪೊಟ್ಟಣ ಅವರೇ, ಮನೆ ನಿಯಮವಾಗಿ ಅದು ತಪ್ಪಲ್ಲ. ಬರಿಗೈ ಬಗ್ಗೆ ನೀವು ಹೇಳಿದ್ದೂ ನ್ಯಾಯವೇ. ಆದರೆ ಪುಸ್ತಕದಲ್ಲಿ ಹಾಗಿದೆ ಅಂತ ಮಾತ್ರ ಹೇಳಬೇಡಿ. ಪುಸ್ತಕದ ಪ್ರಕಾರ ಗುದ್ದಿನ ಅನುಮತಿ ಬರುವುದೇ ಚಾರ್ಜ್ ಹಿಡಿದಿಡುವ ಭಾಗದಲ್ಲಿ.

ಇನ್ನು ಭಯ ಯಾರಿಗೆ ಅಂದರೆ, ಕಾಡುಪ್ರಾಣಿಯಾಗಿ ನಿಂತ ಡ್ರೂಯಿಡ್‌ಗೆ ಹೆದರಿ. ಈ ನಿಯಮ ಗುದ್ದಿಗೆ ಮಾತ್ರ ಅಲ್ಲ, ಉಗುರು ಹಲ್ಲುಗಳಿಗೂ ಅನ್ವಯ. ನ್ಯಾಚುರಲ್ ಸ್ಪೆಲ್ ಫೀಟ್ (ಪ್ರಾಣಿಯಾಗಿದ್ದಾಗಲೂ ಸ್ಪೆಲ್ ಹಾಕುವ ವಿದ್ಯೆ) ಇರುವ ಡ್ರೂಯಿಡ್ ಕರಡಿಯಾಗಿ ನಿಂತು ಟಚ್ ಸ್ಪೆಲ್ ಹಾಕುತ್ತಾನೆ. ಅವನಿಗೆ ಅದೇ ರೌಂಡ್‌ನಲ್ಲಿ ಪುಕ್ಕಟೆಯಾಗಿ ಕರಡಿ ಪಂಜದ ಏಟು ಕೊಟ್ಟರೆ? ಸ್ಟ್ರೆಂಗ್ತ್ ಕರಡಿಯದ್ದು, ಪೂರ್ತಿ ಎಸಿ ಅವನಿಗೆ ಒಂದು ಲೆಕ್ಕವೇ ಅಲ್ಲ. ಮಾಂಕ್ ಮೇಲೆ ಕರುಣೆ ತೋರಿಸಲು ಹೋಗಿ ಡ್ರೂಯಿಡ್‌ಗೆ ಬಾಗಿಲು ತೆಗೆಯುತ್ತೀರಿ. ಅವನಿಗೆ ಈಗಲೇ ಜಾಸ್ತಿ ಆಗಿದೆ.

ಬೆಂಕಿಪೊಟ್ಟಣ:
ಕರಡಿ ಯೋಚನೆ ಮಾಡಿರಲಿಲ್ಲ. ನಮ್ಮಲ್ಲಿ ಡ್ರೂಯಿಡ್ ಇಲ್ಲ, ಹಾಗಾಗಿ ಬಚಾವ್. ಬಂದರೆ ನೋಡೋಣ.

ಗುಬ್ಬಿಮರಿ:
ಚಾರ್ಜ್ ಹಿಡಿದಿಡುವುದು ಚೆನ್ನಾಗೇ ಇದೆ, ಆದರೆ ಅದರ ಕಾಟ ಯಾರೂ ಹೇಳುತ್ತಿಲ್ಲ. ಬೇಕಂತ ಮುಟ್ಟಲಿ, ಬೇಡ ಅಂತ ಮುಟ್ಟಲಿ, ಏನನ್ನೇ ಮುಟ್ಟಿದರೂ ಸ್ಪೆಲ್ ಇಳಿದುಹೋಗುತ್ತದೆ. ನನ್ನ ಕ್ಲೆರಿಕ್ ಒಮ್ಮೆ ಇನ್‌ಫ್ಲಿಕ್ಟ್ (ಮುಟ್ಟಿ ಗಾಯ ಮಾಡುವ ಸ್ಪೆಲ್) ಹಿಡಿದುಕೊಂಡು ವೀರಾವೇಶದಲ್ಲಿ ಹೋಗಿ ಬಾಗಿಲು ತಳ್ಳಿದಳು. ಬಾಗಿಲಿಗೆ ಗಾಯ! ಒಳಗಿದ್ದ ಕಳ್ಳರು ಬಿದ್ದು ಬಿದ್ದು ನಕ್ಕರು ಅಂತ ಡಿಎಂ ವರ್ಣಿಸಿದರು.

ನೆನಪಿಡಿ, ನಮ್ಮ ಕಥೆಗಳಲ್ಲಿ ಚಾರ್ಜ್ ಹಿಡಿದುಕೊಂಡು ಓಡಾಡಿದ ಮೊದಲ ಪಾತ್ರ ಭಸ್ಮಾಸುರ. ಅವನೂ ಎದುರಾಳಿಯನ್ನು ಮುಟ್ಟಲು ಎಷ್ಟೋ ರೌಂಡ್ ಓಡಿಸಿಕೊಂಡು ಹೋದ. ಕೊನೆಗೆ ಕುಣಿಯುತ್ತಾ ತನ್ನ ತಲೆ ಮೇಲೇ ಕೈ ಇಟ್ಟುಕೊಂಡ. ನಿಯಮ ಪುಸ್ತಕ ಅವನೂ ಪೂರ್ತಿ ಓದಿರಲಿಲ್ಲ.

ಚಿಕ್ಕದಾಳ:
ಹಾಗಾದರೆ ನೆಲ? ಬಟ್ಟೆ? ನಿಂತಿರುವ ನೆಲವನ್ನು ಕಾಲು ಮುಟ್ಟುತ್ತಿರುತ್ತದೆ ಅಲ್ವಾ?

ಗುಬ್ಬಿಮರಿ:
ನಮ್ಮಲ್ಲಿ ಸ್ಪೆಲ್ ಹಾಕುವ ಹೊತ್ತಿಗೆ ಆಗಲೇ ಮೈಗೆ ತಾಗಿಕೊಂಡಿರುವುದು ಲೆಕ್ಕಕ್ಕಿಲ್ಲ. ಹೊಸದಾಗಿ ಕೈ ಹಾಕಿದ್ದು ಲೆಕ್ಕ. ಇಲ್ಲದಿದ್ದರೆ ಯಾರೂ ಒಂದು ಟಚ್ ಸ್ಪೆಲ್ಲನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ, ಎಲ್ಲ ಚಡ್ಡಿಗೇ ಹೋಗುತ್ತದೆ.

ಹಳೇಡಿಎಂ:
ಸರಿಯಾದ ತೀರ್ಮಾನ. ಇನ್ನೆರಡು ಮಾತು ಸೇರಿಸುತ್ತೇನೆ. ನೀವು ಮುಟ್ಟಿದರೆ ಇಳಿಯುತ್ತದೆ ಅಂತ ಬರೆದಿದೆಯೇ ಹೊರತು ನಿಮ್ಮನ್ನು ಯಾರಾದರೂ ಮುಟ್ಟಿದರೆ ಅಂತ ಅಲ್ಲ. ಶತ್ರು ನಿಮಗೆ ಹೊಡೆದರೆ ಅವನಿಗೆ ಕರೆಂಟು ಹೊಡೆಯುವುದಿಲ್ಲ. ಎರಡನೆಯದು, ಬೇರೆ ಯಾವ ಸ್ಪೆಲ್ ಹಾಕಿದರೂ ಹಿಡಿದಿಟ್ಟ ಚಾರ್ಜ್ ಕರಗಿಹೋಗುತ್ತದೆ. ಚಾರ್ಜ್ ಇಟ್ಟುಕೊಂಡು ಇರಲಿ ಅಂತ ಶೀಲ್ಡ್ ಹಾಕಿಕೊಂಡರೆ ಹೋಯಿತು. ಮೊದಲು ರಕ್ಷಣೆಯ ಸ್ಪೆಲ್‌ಗಳು, ಕಡೆಗೆ ಟಚ್ ಸ್ಪೆಲ್.

ಒಂಟಿಮುಷ್ಟಿ:
ಓ, ಇದು ಗೊತ್ತಿರಲಿಲ್ಲ. ಇನ್ನೊಂದು ಡೌಟು. ಮಾಂಕ್ ಆಗಿರುವುದರಿಂದ ನನಗೆ ಫ್ಲರಿ (ಒಂದೇ ರೌಂಡ್‌ನಲ್ಲಿ ಒಂದು ಗುದ್ದು ಜಾಸ್ತಿ) ಇದೆ. ಚಾರ್ಜ್ ಕೈಯಲ್ಲಿದ್ದಾಗ ಫ್ಲರಿ ಮಾಡಬಹುದಾ?

ಲೆಕ್ಕದಮೇಷ್ಟ್ರು:
ಮಾಡಬಹುದು, ನಿಮ್ಮ ಈ ವಿಚಿತ್ರ ಪಾತ್ರಕ್ಕೆ ಅರ್ಥ ಬರುವುದೇ ಅಲ್ಲಿ. ಎರಡು ಗುದ್ದು, ಎರಡಕ್ಕೂ ತಲಾ -2. ಮೊದಲು ತಾಗಿದ ಗುದ್ದಿಗೆ ಸ್ಪೆಲ್ ಇಳಿಯುತ್ತದೆ, ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಚಾರ್ಜ್ ಉಳಿದಿರುತ್ತದೆ. ಎಸಿ 12ರ ಮಾಂತ್ರಿಕನ ಮೇಲೆ ಒಂದೊಂದು ಗುದ್ದಿಗೂ 55%. ಎರಡರಲ್ಲಿ ಒಂದಾದರೂ ತಾಗುವ ಸಾಧ್ಯತೆ ಸುಮಾರು 80%. ಗುದ್ದು ಸ್ಪೆಲ್ ಎಲ್ಲ ಸೇರಿ ಸರಾಸರಿ 20. ಅವನೇ ಮೇಜ್ ಆರ್ಮರ್ ಹಾಕಿದ್ದರೂ ಸುಮಾರು 14 ಬರುತ್ತದೆ, ಒಂದು ಟಚ್‌ನ 11.4ಕ್ಕಿಂತ ಜಾಸ್ತಿ. ಅಂದರೆ ಮೇಲೆ ಹೇಳಿದ ಮೂರರ ಗೆರೆಯನ್ನು ಫ್ಲರಿ ಇನ್ನೂ ದೂರ ತಳ್ಳುತ್ತದೆ. ಸೇನಾಪತಿಯ ಮೇಲೆ ಮಾತ್ರ ಆಗಲೂ ಮುಟ್ಟುವುದೇ ಸರಿ.

ಫ್ಲರಿಗೆ ಪೂರ್ತಿ ರೌಂಡ್ ಬೇಕು, ಹಾಗಾಗಿ ಸ್ಪೆಲ್ ಹಾಕಿದ ರೌಂಡ್‌ನಲ್ಲಿ ಆಗುವುದಿಲ್ಲ. ಮೊದಲ ರೌಂಡ್: ಸ್ಪೆಲ್ ಹಾಕಿ, ಪುಕ್ಕಟೆ ಟಚ್ ಪ್ರಯತ್ನಿಸಿ. ತಾಗಿತಾ, ಸಂತೋಷ. ತಪ್ಪಿತಾ, ಮುಂದಿನ ರೌಂಡ್ ಫ್ಲರಿ.

ಶಾಕಿಂಗ್ ಗ್ರಾಸ್ಪ್ ಬಿಟ್ಟು ಚಿಲ್ ಟಚ್ ಕೂಡ ನೋಡಿ. ಅದು ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ, ಲೆವೆಲ್‌ಗೊಂದರಂತೆ ಟಚ್‌ಗಳು. ನಿಮಗೆ ಐದು. ಒಂದೊಂದಕ್ಕೂ 1ಡಿ6, ಜೊತೆಗೆ ಎದುರಾಳಿಯ ಸೇವ್ (ಸ್ಪೆಲ್‌ನಿಂದ ತಪ್ಪಿಸಿಕೊಳ್ಳುವ ರೋಲ್) ತಪ್ಪಿದರೆ ಒಂದು ಸ್ಟ್ರೆಂಗ್ತ್ ಪಾಯಿಂಟ್ ಹೋಗುತ್ತದೆ. ಫ್ಲರಿಯ ಪ್ರತಿ ಗುದ್ದಿಗೂ ಒಂದೊಂದು ಇಳಿಸುತ್ತಾ ಹೋಗಬಹುದು. ಒಂದೇ ಸ್ಪೆಲ್‌ನಲ್ಲಿ ಎರಡು ಮೂರು ರೌಂಡ್ ಕಳೆಯುತ್ತದೆ, ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಸಿಗುವ ಸ್ಪೆಲ್ ಅವಕಾಶ) ಉಳಿತಾಯ. ಹೆಣಗಳ ಮೇಲೆ, ಅಂದರೆ ಅನ್‌ಡೆಡ್ ಮೇಲೆ, ಡ್ಯಾಮೇಜ್ ಆಗುವುದಿಲ್ಲ, ಸೇವ್ ತಪ್ಪಿದರೆ ಓಡಿಹೋಗುತ್ತವೆ, ಅದು ಬೇರೆ ಕಥೆ.

ಕತ್ತಿಮಂತ್ರ:
ಫ್ಲರಿ ಆಸೆಯಲ್ಲಿ ಇನ್ನೊಂದು ಮಾಂಕ್ ಲೆವೆಲ್ ತೆಗೆದುಕೊಳ್ಳೋಣ ಅಂದುಕೊಂಡರೆ ನೆನಪಿಡಿ, 3.5ರಲ್ಲಿ ಮಾಂಕ್ ಬಿಟ್ಟು ಬೇರೆ ಕ್ಲಾಸ್‌ಗೆ ಹೋದವನು ಮತ್ತೆ ಮಾಂಕ್ ಲೆವೆಲ್ ಏರುವಂತಿಲ್ಲ. ಮಠ ಬಿಟ್ಟವನಿಗೆ ವಾಪಸ್ ಸೇರಿಸಿಕೊಳ್ಳುವುದಿಲ್ಲ.

ನೆರಳಹೆಜ್ಜೆ:
ಮಾಂಕ್ ಅಲ್ಲದ ಬಡ ವಿಜರ್ಡ್‌ಗಳ ಪರವಾಗಿ ಒಂದು ಮಾತು. ನಮಗೆ ಗುದ್ದುವುದು ನಿಜವಾಗಿಯೂ ಮೂರ್ಖತನ. ಟಚ್ ಸ್ಪೆಲ್ ಇಳಿಸಲು ಮುಟ್ಟಿದರೆ ಆಟ ನಮ್ಮನ್ನು ಆಯುಧ ಹಿಡಿದವರ ಹಾಗೆ ನೋಡುತ್ತದೆ, ಎದುರಾಳಿಗೆ ಆಪರ್ಚುನಿಟಿ ಅಟ್ಯಾಕ್ (ನಾವು ಮೈಮರೆತಾಗ ಸಿಗುವ ಪುಕ್ಕಟೆ ಹೊಡೆತ) ಸಿಗುವುದಿಲ್ಲ. ಅದೇ ಕೈ ಮುಷ್ಟಿ ಮಾಡಿ ಗುದ್ದಿದರೆ ಬರಿಗೈಯವರು, ಅವನು ಮೊದಲು ನಮಗೊಂದು ಬಿಗಿಯುತ್ತಾನೆ. ಇಂಪ್ರೂವ್ಡ್ ಅನ್‌ಆರ್ಮ್ಡ್ ಸ್ಟ್ರೈಕ್ ಫೀಟ್ ಇದ್ದರೆ ಈ ತಾಪತ್ರಯ ಇಲ್ಲ. ಇಷ್ಟೆಲ್ಲ ಮಾಡಿ ಸಿಗುವುದು ಏನು? 1ಡಿ3, ಅದೂ ಕೊಲ್ಲದ ಡ್ಯಾಮೇಜ್.

ಆದರೆ ಚಾರ್ಜ್ ಹಿಡಿದು ಸುಮ್ನೆ ನಿಂತಿರುವ ವಿಜರ್ಡ್ ಇದ್ದಾನಲ್ಲ, ಅವನನ್ನು ಯಾರೂ ಗಮನಿಸುವುದಿಲ್ಲ. ಆಯುಧ ಹಿಡಿದವನು ಅಂದ ಮೇಲೆ ಅವನ ಸುತ್ತಲಿನ ಚೌಕಗಳು ಅವನ ಹಿಡಿತದಲ್ಲಿವೆ. ಪಕ್ಕದಿಂದ ಓಡುವವನ ಮೇಲೆ, ಪಕ್ಕದಲ್ಲಿ ಸ್ಪೆಲ್ ಹಾಕುವವನ ಮೇಲೆ, ಆಪರ್ಚುನಿಟಿ ಅಟ್ಯಾಕ್ ಅವನಿಗೂ ಉಂಟು, ಟಚ್‌ನಿಂದಲೇ. ನಾನು ಒಮ್ಮೆ ಘೌಲ್ ಟಚ್ ಹಿಡಿದು ಬಾಗಿಲ ಪಕ್ಕ ನಿಂತಿದ್ದೆ. ಓಡಿಹೋಗುತ್ತಿದ್ದ ಗೂಢಚಾರನಿಗೆ ಬೆನ್ನು ತಟ್ಟಿದೆ. ಸೇವ್ ತಪ್ಪಿತು, ಕಂಬದ ಹಾಗೆ ನಿಂತ. ನನ್ನ ಇಡೀ ಆಟದ ಬದುಕಿನಲ್ಲಿ ಅಷ್ಟು ಖುಷಿ ಕೊಟ್ಟ ಇನ್ನೊಂದು ರೋಲ್ ಇಲ್ಲ.

ಒಂಟಿಮುಷ್ಟಿ:
ವಾಹ್. ಹಾಗಾದರೆ ಕಾಲು ಕೊಟ್ಟು ಬೀಳಿಸುವುದು, ಹಿಡಿದು ಮಲ್ಲಯುದ್ಧ ಮಾಡುವುದು ಇವುಗಳ ಜೊತೆ?

ನೆರಳಹೆಜ್ಜೆ:
3.5ರಲ್ಲಿ ಎರಡೂ ಶುರುವಾಗುವುದು ಟಚ್ ಅಟ್ಯಾಕ್‌ನಿಂದಲೇ. ಬೀಳಿಸಲು ಮೊದಲು ಬರಿಗೈ ಟಚ್ ಅಟ್ಯಾಕ್, ಆಮೇಲೆ ಬಲಪರೀಕ್ಷೆ. ಹಿಡಿಯಲೂ ಮೊದಲು ಟಚ್. ಮುಟ್ಟಿದಿರಿ ಅಂದರೆ ಚಾರ್ಜ್ ಇಳಿಯಿತು. ಅಂದರೆ ಟಚ್ ಎಸಿಯ ಸುಲಭದಲ್ಲೇ ಕರೆಂಟೂ ಹೊಡೆದು ನೆಲಕ್ಕೂ ಕೆಡವಬಹುದು. ಗುದ್ದಿಗಿಂತ ಇದೇ ಚೆನ್ನ ಅನ್ನಿಸುತ್ತದೆ ನನಗೆ. ಇದಕ್ಕೂ ಬೇರೆ ಆಕ್ಷನ್ ಬೇಕು, ಹಾಗಾಗಿ ಇದೂ ಎರಡನೇ ರೌಂಡ್‌ನ ಆಟ. ಪಾತ್‌ಫೈಂಡರ್‌ನಲ್ಲಿ ಈ ಕೆಲಸಗಳಿಗೆ ಕಾಂಬ್ಯಾಟ್ ಮನೂವರ್ ಅಂತ ಬೇರೆ ಲೆಕ್ಕ ಇದೆ, ಅಲ್ಲಿ ಇಷ್ಟು ಅಗ್ಗವಾಗಿ ಸಿಗುವುದಿಲ್ಲ.

ಚಿಕ್ಕದಾಳ:
ಕೈಗೆ ಕಬ್ಬಿಣದ ಕವಸು ಹಾಕಿಕೊಂಡು ಗುದ್ದಿದರೆ?

ಹಳೇಡಿಎಂ:
ಮಾಮೂಲಿ ಗಾಂಟ್ಲೆಟ್ ಆದರೆ ಸರಿ. ಅದರ ಹೊಡೆತವನ್ನು ಪುಸ್ತಕವೇ ಬರಿಗೈ ಹೊಡೆತ ಅನ್ನುತ್ತದೆ, ಡ್ಯಾಮೇಜ್ ಕೊಲ್ಲುವಂಥದ್ದಾಗುತ್ತದೆ ಅಷ್ಟೇ. ಮುಳ್ಳಿನ ಗಾಂಟ್ಲೆಟ್ ಆಯುಧ, ಅದರಿಂದ ಚಾರ್ಜ್ ಇಳಿಯುವುದಿಲ್ಲ. ಒಂದು ಮುಳ್ಳಿನ ವ್ಯತ್ಯಾಸ! 3.5 ಅಂದರೆ ಹೀಗೇ, ಅಭ್ಯಾಸ ಮಾಡಿಕೊಳ್ಳಿ.

ಹೊಸಹಾದಿ:
ನಾನು ಆಡುವುದು 5ನೇ ಆವೃತ್ತಿ. ಇದನ್ನೆಲ್ಲ ಓದಿ ತಲೆ ತಿರುಗುತ್ತಿದೆ. ನಮ್ಮಲ್ಲಿ ಚಾರ್ಜ್ ಹಿಡಿಯುವುದೇ ಇಲ್ಲ. ಶಾಕಿಂಗ್ ಗ್ರಾಸ್ಪ್ ಹಾಕಿದಿರಾ, ಆ ಕ್ಷಣವೇ ಸ್ಪೆಲ್ ಅಟ್ಯಾಕ್ ರೋಲ್. ತಪ್ಪಿದರೆ ಮುಗಿಯಿತು. ಟಚ್ ಎಸಿಯೂ ಇಲ್ಲ, ಎಲ್ಲದಕ್ಕೂ ಒಂದೇ ಎಸಿ. ರೋಲ್‌ಗೆ ಸೇರುವುದು ಸ್ಟ್ರೆಂಗ್ತ್ ಅಲ್ಲ, ಇಂಟೆಲಿಜೆನ್ಸೋ ಕರಿಸ್ಮಾನೋ. ಗುದ್ದಿಗೂ ಸ್ಪೆಲ್‌ಗೂ ಸಂಬಂಧವೇ ಇಲ್ಲ.

ಹತ್ತಿರದ್ದು ಬೇಕಾದರೆ 2014ರ ಪುಸ್ತಕದ ಎಲ್ಡ್ರಿಚ್ ನೈಟ್ ಇದ್ದಾನೆ. ಏಳನೇ ಲೆವೆಲ್‌ನಲ್ಲಿ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಟ್ಟ ಸ್ಪೆಲ್) ಹಾಕಿ ಬೋನಸ್ ಆಕ್ಷನ್‌ನಲ್ಲಿ ಒಂದು ಹೊಡೆತ. ಶಾಕಿಂಗ್ ಗ್ರಾಸ್ಪ್ ತಾಗಿದರೆ ಎದುರಾಳಿ ರಿಯಾಕ್ಷನ್ (ನಮ್ಮ ಸರದಿಯಲ್ಲಿ ತಿರುಗಿ ಹೊಡೆಯುವ ಅವಕಾಶ) ಕಳೆದುಕೊಳ್ಳುತ್ತಾನೆ, ಆಮೇಲೆ ಗುದ್ದಿ ಆರಾಮಾಗಿ ದೂರ ನಡೆದು ಹೋಗಬಹುದು. ಎರಡು ಬೇರೆ ಬೇರೆ ರೋಲ್, ಆದರೂ ಮಜಾ.

2024ರ ಪುಸ್ತಕದಲ್ಲಿ ಪ್ಯಾಲಡಿನ್ ಮುಷ್ಟಿಗೂ ಮೋಕ್ಷ ಸಿಕ್ಕಿದೆ. ಹೊಡೆತಕ್ಕೆ ಹೆಚ್ಚುವರಿ ಡ್ಯಾಮೇಜ್ ಸೇರಿಸುವ ಅವನ ಡಿವೈನ್ ಸ್ಮೈಟ್ ಈಗ ಸ್ಪೆಲ್ ಆಗಿದೆ, ಬರಿಗೈ ಹೊಡೆತ ತಾಗಿದ ಮೇಲೂ ಬೋನಸ್ ಆಕ್ಷನ್‌ನಲ್ಲಿ ಹಾಕಬಹುದು. ಇನ್ನೊಂದು ತಮಾಷೆ: 2014ರಲ್ಲಿ ಚಿಲ್ ಟಚ್ ಅಂತ ಹೆಸರಿಟ್ಟು 120 ಅಡಿ ದೂರದಿಂದ ಹೊಡೆಯುವ ಸ್ಪೆಲ್ ಮಾಡಿದ್ದರು. ಹತ್ತು ವರ್ಷ ಬೇಕಾಯಿತು ಅದು ನಿಜವಾಗಿ ಮುಟ್ಟುವ ಸ್ಪೆಲ್ ಆಗಲು.

ಕತ್ತಿಮಂತ್ರ:
ಪಾತ್‌ಫೈಂಡರ್ ಎರಡನೇ ಆವೃತ್ತಿಯೂ ಟಚ್ ಎಸಿಯನ್ನು ಕಿತ್ತುಹಾಕಿತು. ಆದರೆ ಅಲ್ಲಿನ ಮೇಗಸ್ ಸ್ಪೆಲ್‌ಸ್ಟ್ರೈಕ್‌ನಲ್ಲಿ ಆಯುಧದ ಜೊತೆ ಬರಿಗೈ ಹೊಡೆತವನ್ನೂ ಹೆಸರಿಸಿಯೇ ಸೇರಿಸಿದ್ದಾರೆ. ಒಂದೇ ರೋಲ್, ಗುದ್ದಿಗೂ ಅದೇ, ಸ್ಪೆಲ್‌ಗೂ ಅದೇ. ಆಮೇಲೆ ಮತ್ತೆ ಬಳಸಲು ಒಂದು ಆಕ್ಷನ್ ಕೊಟ್ಟು ರೀಚಾರ್ಜ್ ಮಾಡಿಕೊಳ್ಳಬೇಕು. ಒಂಟಿಮುಷ್ಟಿ ಅವರಿಗೆ ಬೇಕಿದ್ದ ಪಾತ್ರ ಅದೇ. ಆವೃತ್ತಿ ತಪ್ಪಿ ಹುಟ್ಟಿದ್ದಾರೆ.

ಬೆಂಕಿಪೊಟ್ಟಣ:
ಕೊನೆಯ ಒಂದು ತರಲೆ ಪ್ರಶ್ನೆ. ಎದುರಾಳಿಗೆ ಡ್ಯಾಮೇಜ್ ರಿಡಕ್ಷನ್ 10 (ಪ್ರತಿ ಹೊಡೆತದಿಂದ 10 ಕಳೆಯುವ ಗುಣ) ಇದೆ. ನನ್ನ ಗುದ್ದು 5, ಅಂದರೆ ಸೊನ್ನೆ. ಸ್ಪೆಲ್ ಇಳಿಯುತ್ತದಾ?

ಹಳೇಡಿಎಂ:
ಇಳಿಯುತ್ತದೆ. ಗುದ್ದು ತಾಗಿದರೆ ಸಾಕು, ನೋವಾಗಬೇಕಿಲ್ಲ. ಡ್ಯಾಮೇಜ್ ರಿಡಕ್ಷನ್ ವಿಷ, ಸ್ಟನ್ ಇಂಥವನ್ನು ತಡೆಯುತ್ತದೆ, ಆದರೆ ಟಚ್ ಅಟ್ಯಾಕ್‌ಗಳನ್ನೂ ಹೊಡೆತದ ಜೊತೆ ಬರುವ ಬೆಂಕಿ ಕರೆಂಟಿನಂಥ ಡ್ಯಾಮೇಜನ್ನೂ ತಡೆಯುವುದಿಲ್ಲ ಅಂತ ಅಲ್ಲೇ ಬರೆದಿದೆ. ಸ್ಪೆಲ್‌ಗೆ ಸೇವ್ ಇದ್ದರೆ, ಎದುರಾಳಿಗೆ ಸ್ಪೆಲ್ ರೆಸಿಸ್ಟೆನ್ಸ್ (ಸ್ಪೆಲ್ ತಡೆಯುವ ಶಕ್ತಿ) ಇದ್ದರೆ ಅವು ಮಾತ್ರ ಎಂದಿನಂತೆ ಲೆಕ್ಕಕ್ಕೆ ಬರುತ್ತವೆ. ಗುದ್ದಿನಿಂದ ಇಳಿಸಿದೆ ಅಂತ ಅದರಲ್ಲಿ ರಿಯಾಯಿತಿ ಇಲ್ಲ.

ಒಂಟಿಮುಷ್ಟಿ:
ವರದಿ ಒಪ್ಪಿಸಲು ಬಂದೆ. ನಿನ್ನೆ ಆಡಿದೆವು. ಡಿಎಂಗೆ ಈ ಚರ್ಚೆ ತೋರಿಸಿದೆ, ಕ್ಷಮೆ ಕೇಳಿದೆ, ಅವರೂ ಎರಡನೇ ರೌಂಡ್ ಗುದ್ದು ಒಪ್ಪಿದರು. ಶಾಕಿಂಗ್ ಗ್ರಾಸ್ಪ್‌ನ +3 ಗುದ್ದಿಗೂ ಕೊಡುತ್ತಾರಂತೆ, ಟೇಬಲ್‌ನ ತೀರ್ಮಾನವಾಗಿ.

ಮೊದಲ ಜಗಳದಲ್ಲಿ ಶತ್ರು ಮಾಂತ್ರಿಕ ಸಿಕ್ಕಿದ. ಟಚ್ ತಪ್ಪಿತು (ಇದೇನು ಹೊಸದಲ್ಲ). ಮುಂದಿನ ರೌಂಡ್ ಫ್ಲರಿ, ಮೊದಲ ಗುದ್ದು ಗಾಳಿಗೆ, ಎರಡನೆಯದು ದವಡೆಗೆ. 24 ಡ್ಯಾಮೇಜ್. ಆ ಸದ್ದು ನಾನೇ ಬಾಯಿಂದ ಮಾಡಿ ತೋರಿಸಿದೆ.

ಅದೇ ಉಮೇದಿನಲ್ಲಿ ಮುಂದಿನ ಕೋಣೆಗೆ ಹೋಗುವ ಮುಂಚೆಯೇ ಇನ್ನೊಂದು ಶಾಕಿಂಗ್ ಗ್ರಾಸ್ಪ್ ಹಾಕಿ ಹಿಡಿದುಕೊಂಡೆ. ಬಾಗಿಲನ್ನು ಗುಬ್ಬಿಮರಿ ಅವರ ನೆನಪಿನಿಂದ ಕಾಲಲ್ಲೂ ಮುಟ್ಟಲಿಲ್ಲ, ಕ್ಲೆರಿಕ್ ಕೈಯಲ್ಲಿ ತೆಗೆಸಿದೆ. ಒಳಗೆ ನೆಲ ಕುಸಿದು ನಮ್ಮ ರೋಗ್ (ತಂಡದ ಕಳ್ಳ ಪಾತ್ರ) ಗುಂಡಿಗೆ ಬಿದ್ದ. ಅಂಚು ಹಿಡಿದು ನೇತಾಡುತ್ತಾ "ಕೈ ಕೊಡೋ" ಅಂತ ಕೂಗಿದ.

ಕೈ ಕೊಟ್ಟೆ.

ಗುಂಡಿಯಲ್ಲಿದ್ದವನು:
ಆ ರೋಗ್ ನಾನೇ. ಇದನ್ನು ಬರೆಯಲೆಂದೇ ಖಾತೆ ತೆರೆದೆ. ಇಷ್ಟು ದಿನ ಶತ್ರುಗಳನ್ನು ಮುಟ್ಟಲಾಗದೆ ಒದ್ದಾಡಿದ ಇವನಿಗೆ ಸ್ನೇಹಿತನನ್ನು ಮುಟ್ಟಲು ರೋಲೇ ಬೇಡ, ತಾನಾಗಿಯೇ ತಾಗುತ್ತದೆ ಅಂತ ಡಿಎಂ ಪುಸ್ತಕ ತೆಗೆದು ತೋರಿಸಿದರು. 19 ಹಿಟ್ ಪಾಯಿಂಟ್ (ಜೀವದ ಅಂಕ) ಇತ್ತು, 18 ಹೋಯಿತು. ಮುಂದಿನ ವಾರ ನಾನು ಹಗ್ಗ ತರುತ್ತಿದ್ದೇನೆ.